ನಾಜಿಯಾ ಡಾಕ್ಟರ್ ಕೇಳಿದ ಲೇಖನ

ಡಾಕ್ಟರ್ ನಾಜಿಯಾ, ಆ ದಿನ ಸರ್ವರ್ ಕೆಟ್ಟಿರಲಿಲ್ಲ. ನಾನು ಸುಳ್ಳು ಹೇಳಿದೆ. ನೀವು ಕೇಳಿದ ಲೇಖನವಿದ್ದ ವೈದ್ಯಕೀಯ ಜರ್ನಲ್ ನಮ್ಮ ಲೈಬ್ರರಿಗೆ ಬರುವುದೇ ನಿಂತುಹೋಗಿತ್ತು — ಅದು ನಿಲ್ಲಲು ನನ್ನ ಒಂದು ಮಾತು ಸಾಕಾಗಿತ್ತು.

ನೀವು ಶಿರಾದವರು. ನಮ್ಮ ಮೆಡಿಕಲ್ ಕಾಲೇಜಿನಲ್ಲೇ ಓದಿ, ವೈ.ಎನ್.ಹೊಸಕೋಟೆಯಲ್ಲಿ ಪುಟ್ಟ ಕ್ಲಿನಿಕ್ ತೆರೆದಿದ್ದಿರಿ. ನಾನು ಆ ಕಾಲೇಜಿನ ಲೈಬ್ರೇರಿಯನ್. ಮಧುಗಿರಿಯ ಮನೆಯಿಂದ ಕೊರಟಗೆರೆ ಮೇಲೆ ಬಸ್ಸಿನಲ್ಲಿ ಕಾಲೇಜಿಗೆ ಓಡಾಡುತ್ತಿದ್ದೆ. ಓದು ಮುಗಿಸಿದ ಮೇಲೂ ಲೈಬ್ರರಿಯ ದಾರಿ ಮರೆಯದ ವಿದ್ಯಾರ್ಥಿನಿ ನೀವೊಬ್ಬರೇ. ಪಾವಗಡದ ಬಸ್ಸಿಳಿದು ಬಂದವರು ವಿದೇಶಿ ಜರ್ನಲ್ ತೆರೆದು ಕೂತರೆ, ಊಟಕ್ಕೆ ಏಳಿ ಎಂದು ನಾನೇ ನೆನಪಿಸಬೇಕಿತ್ತು.

ಒಂದು ದಿನ ಆಡಳಿತ ಮಂಡಳಿಯ ಸಭೆಗೆ ನನ್ನನ್ನು ಕರೆದರು. ಜರ್ನಲ್‌ಗಳ ಚಂದಾ ವರ್ಷ ವರ್ಷವೂ ಏರುತ್ತಿತ್ತು. ಒಂದು ಬೇಕೆಂದರೆ ಪ್ರಕಾಶಕರು ಬೇಡದ ಹತ್ತನ್ನು ಜೊತೆಗೆ ಕಟ್ಟಿ ಮಾರುತ್ತಿದ್ದರು. ಅಧ್ಯಕ್ಷರು ಕೇಳಿದ್ದು ಇಷ್ಟೇ:

"ಯಾರ್ರೀ ಓದ್ತಾರೆ ಇವನ್ನೆಲ್ಲಾ?"

ನಿಮ್ಮ ಮುಖ ಕಣ್ಣ ಮುಂದೆ ಬಂತು. ಆದರೂ ಅಂದೆ — "ಯಾರೂ ಓದಲ್ಲ ಸಾರ್."

ಅವರಿಗೆ ಬೇಕಾಗಿದ್ದ ಉತ್ತರ ಅದು. ಕೊಟ್ಟೆ. ಅಲ್ಲಿಗೆ ಎಲ್ಲ ಚಂದಾವೂ ನಿಂತಿತು. ನಿಮಗೆ ತಿಳಿಸಬೇಕಿತ್ತು — ತಿಳಿಸಲಿಲ್ಲ.

ಸ್ವಲ್ಪ ಕಾಲದಲ್ಲೇ ನಿಮ್ಮ ಫೋನ್ ಬಂತು. ವಳ್ಳೂರಿನ ಲಕ್ಷ್ಮಕ್ಕ ಎಂಬ ಹೆಂಗಸು ನಿಮ್ಮ ಕ್ಲಿನಿಕ್ಕಿಗೆ ಬರುತ್ತಿದ್ದಳು. ಫ್ಲೋರೈಡ್ ನೀರು ಕುಡಿದು ಕುಡಿದು ಕೀಲುಗಳು ಬಿಗಿದಿದ್ದವು, ಕಿಡ್ನಿಯೂ ದುರ್ಬಲವಾಗಿತ್ತು. ಯಾವುದೋ ದೊಡ್ಡ ಆಸ್ಪತ್ರೆಯವರು ಹೊಸ ಮಾತ್ರೆ ಬರೆದಿದ್ದರು. ನೋವು ಇಳಿದು ಆಕೆ ಎದ್ದು ಓಡಾಡುತ್ತಿದ್ದಳು. ನಿಮಗೆ ಮಾತ್ರ ಏನೋ ಅನುಮಾನ.

"ಸಾರ್, ಕಿಡ್ನಿ ವೀಕ್ ಇರೋರಿಗೆ ಈ ಮಾತ್ರೆ ಆಗುತ್ತಾ ಅಂತ ಒಂದು ಲೇಖನ ಇದೆ. ಸಾರಾಂಶ ಮಾತ್ರ ಕಾಣ್ತಿದೆ, ಒಳಗೆ ಓದ್ಬೇಕು ಅಂದ್ರೆ ಡಾಲರ್ ಕೇಳ್ತಿದೆ. ದೊಡ್ಡ ಡಾಕ್ಟ್ರು ಬರೆದಿದ್ದನ್ನ ಆಧಾರ ಇಲ್ದೆ ಹೆಂಗೆ ನಿಲ್ಸಲಿ? ಸ್ವಲ್ಪ ತೆಗೆದುಕೊಡಿ ಸಾರ್."

ಚಂದಾ ನಿಂತಿದೆ ಎಂದರೆ ಯಾಕೆ ಎಂದು ಕೇಳುತ್ತಿದ್ದಿರಿ. ಯಾರು ನಿಲ್ಲಿಸಿದ್ದು ಎಂದೂ ಕೇಳುತ್ತಿದ್ದಿರಿ. ಅದಕ್ಕೇ — "ಸರ್ವರ್ ಕೆಟ್ಟಿದೆ ಡಾಕ್ಟ್ರೇ. ಸರಿಹೋದ ತಕ್ಷಣ ಕಳಿಸ್ತೀನಿ," ಅಂದೆ.

"ಆಯ್ತು ಸಾರ್, ಕಾಯ್ತೀನಿ," ಅಂದಿರಿ.

ಆ ಕಾಯುವಿಕೆಯೇ ನಾನು ಮಾಡಿದ ಅನ್ಯಾಯ. ನಿಜ ಹೇಳಿದ್ದರೆ ಬೇರೆ ಕಡೆ ಕೇಳುತ್ತಿದ್ದಿರಿ; ಲೇಖನ ಬರೆದವರಿಗೇ ಬರೆಯುತ್ತಿದ್ದಿರಿ. ನನ್ನನ್ನು ನಂಬಿ ಕೂತಿರಿ. ಮತ್ತೆ ಫೋನ್ ಮಾಡಿದಿರಿ — ಆಕೆಯ ಮುಖ ಊದಿಕೊಳ್ಳುತ್ತಿದೆ ಸಾರ್, ಎಂದಿರಿ. ನಾನು ಮತ್ತದೇ ಉತ್ತರ ಕೊಟ್ಟೆ. ಆಮೇಲೆ ನಿಮ್ಮ ಹೆಸರು ಫೋನಿನಲ್ಲಿ ಕಂಡರೆ ಅದು ಬಡಿದುಕೊಂಡು ಸುಮ್ಮನಾಗುವವರೆಗೂ ನೋಡುತ್ತಾ ಕೂರುತ್ತಿದ್ದೆ. ಕೊನೆಗೆ ಫೋನ್ ಬರುವುದೂ ನಿಂತಿತು. ಆಕೆಗೆ ಕೆಟ್ಟದ್ದೇನೋ ಆಗಿದೆ ಎಂದು ನನಗೆ ಗೊತ್ತಿತ್ತು — ಗೊತ್ತಿಲ್ಲದವನ ಹಾಗೆ ಬಸ್ಸು ಹತ್ತಿ ಮನೆಗೆ ಹೋಗುತ್ತಿದ್ದೆ.

ಲಕ್ಷ್ಮಕ್ಕನ ಕಿಡ್ನಿ ಎರಡೂ ಹೋದ ಸುದ್ದಿ ಬೇರೆಯವರಿಂದ ಕಿವಿಗೆ ಬಿತ್ತು. ಅವತ್ತು, ಅಷ್ಟು ತಡವಾಗಿ, ಆ ಲೇಖನವನ್ನು ಮೊದಲ ಬಾರಿ ಹುಡುಕಿದೆ. ಬರೆದವರು ತಮ್ಮ ವಿಶ್ವವಿದ್ಯಾಲಯದ ಪುಟದಲ್ಲಿ ಅದನ್ನು ಬಿಟ್ಟಿಯಾಗಿ, ಎಲ್ಲರಿಗೂ ತೆರೆದಿಟ್ಟಿದ್ದರು. ಚಂದಾ ಬೇಕಿರಲಿಲ್ಲ, ಯಾರ ಅಪ್ಪಣೆಯೂ ಬೇಕಿರಲಿಲ್ಲ. ಕಿಡ್ನಿ ದುರ್ಬಲವಿದ್ದವರಿಗೆ ಕೊಡಲೇಬಾರದು ಎಂಬ ಎಚ್ಚರಿಕೆ ಒಳಗಿತ್ತು. ಹುಡುಕಿಕೊಡುವುದೇ ನನ್ನ ಉದ್ಯೋಗ. ನಾನು ಹುಡುಕಿಯೇ ಇರಲಿಲ್ಲ.

ಕ್ಲಿನಿಕ್ ಮುಂದೆ ಜನ ಸೇರಿ, ಮಾತ್ರೆ ನಿಲ್ಲಿಸಲಿಲ್ಲವೆಂದು ನಿಮ್ಮನ್ನು ಬೈದದ್ದು, ನೀವು ಬಾಗಿಲು ಹಾಕಿ ಶಿರಾಕ್ಕೆ ಹೋದದ್ದು, ಈಗ ಯಾವ ರೋಗಿಯನ್ನೂ ಮುಟ್ಟುವುದಿಲ್ಲವೆಂಬುದು — ಎಲ್ಲ ಕೇಳಿದೆ. ಕೇಳಿಯೂ ಬಾಯಿ ಬಿಡಲಿಲ್ಲ.

ನಿವೃತ್ತನಾದ ಮೇಲೆ, ಹೋದ ವಾರ, ಮಧುಗಿರಿಯಲ್ಲಿ ನೆಂಟರೊಬ್ಬರನ್ನು ಡಯಾಲಿಸಿಸ್‌ಗೆ ಕರೆದೊಯ್ದಿದ್ದೆ. ಪಕ್ಕದ ಮಂಚದಲ್ಲಿ ಒಬ್ಬ ಹೆಂಗಸು. ಯಾವೂರಮ್ಮ ಎಂದೆ. ವಳ್ಳೂರು ಎಂದಳು. ಹೆಸರು ಕೇಳಿದೆ. ಲಕ್ಷ್ಮಕ್ಕ.

ಅಲ್ಲೇ, ಯಂತ್ರದಲ್ಲಿ ಆಕೆಯ ರಕ್ತ ಸುತ್ತುತ್ತಿರುವಾಗಲೇ, ಎಲ್ಲವನ್ನೂ ಹೇಳಿಬಿಟ್ಟೆ. ಆಕೆಯ ಗಂಡ ಕೈ ಎತ್ತಿಕೊಂಡು ಬಂದ. ಲಕ್ಷ್ಮಕ್ಕ ಅವನನ್ನು ತಡೆದಳು.

"ಅಂಗಾದ್ರೆ ಆಯಮ್ಮಂದು ತಪ್ಪೇ ಇಲ್ವಾ? ಅಯ್ಯೋ ದೇವುಡಾ... ನಮ್ಮೋರೆಲ್ಲ ಹೋಗಿ ಬಾಯಿಗ್ ಬಂದಂಗೆ ಬೈದ್ಬುಟ್ರಲ್ಲಪ್ಪಾ. ಒಂದ್ ಮಾತೂ ಎದ್ರಾಡ್ಲಿಲ್ಲ ಆಯಮ್ಮ. ನೀನ್ ಅವಾಗ ಎಲ್ಲಿದ್ದೆ?"

ನೀವು ಈಗ ಶಿರಾದಲ್ಲಿದ್ದೀರಿ ಎಂದಷ್ಟೇ ಹೇಳಿದೆ.

ನಾಳೆ ಲಕ್ಷ್ಮಕ್ಕ, ಅವಳ ಗಂಡ ಶಿರಾಕ್ಕೆ ಬರುತ್ತಾರೆ. ನಿಮ್ಮ ಕೈ ಹಿಡಿದು ಮಾತಾಡಬೇಕಂತೆ. ಮನೆ ತೋರಿಸಲು ನಾನೂ ಬರುತ್ತೇನೆ. ಅವರಿಗೆ ಬಾಗಿಲು ತೆಗೆಯಿರಿ, ಡಾಕ್ಟರ್. ನನ್ನನ್ನು ಒಳಗೆ ಕರೆಯಬೇಡಿ — ನಾನು ಬೀದಿಯಲ್ಲಿ ನಿಂತಿರುತ್ತೇನೆ.