ದೊಡ್ಡವ್ವನ ಅಳು

ಪ್ರಶಸ್ತಿಗಳಿಂದ ಹೆಸರಾದ ನಿರ್ದೇಶಕರೊಬ್ಬರು ನಮ್ಮ ರಾಜೂರಿಗೆ ಬಂದು ಸಿನಿಮಾ ತೆಗೆದರು. ಸತ್ತ ಎತ್ತಿನ ಮುಂದೆ ಅಳುವ ದೃಶ್ಯಕ್ಕೆ ನಮ್ಮ ದೊಡ್ಡವ್ವನನ್ನು ಕೂರಿಸಿದರು. ದೊಡ್ಡವ್ವ ಎತ್ತಿನ ಗುಣಗಳನ್ನು ಒಂದೊಂದಾಗಿ ಹೇಳುತ್ತ, ಹಾಡಿಕೊಂಡು ಅತ್ತಳು. ನಮ್ಮ ಕಡೆ ಅಳುವುದೇ ಹಾಗೆ. ನಿರ್ದೇಶಕರೂ ಕಣ್ಣೊರೆಸಿಕೊಂಡರು.

ಗಜೇಂದ್ರಗಡದ ಟಾಕೀಸಿನಲ್ಲಿ ನೋಡಿದರೆ, ಡಬ್ಬಿಂಗಿನಲ್ಲಿ ಆ ಹಾಡು ತೆಗೆದು ಬೆಂಗಳೂರಿನ ಯಾರದೋ ಚೀರಾಟ ಅಂಟಿಸಿದ್ದರು. ಜನ ಬಿದ್ದು ಬಿದ್ದು ನಕ್ಕರು.

“ಯಾರಲೇ ಈಕಿ, ನನ್ನ ಬಾಯಾಗ ಕುಂತು ಒದರಾಕತ್ತಾಳ?” ಎಂದು ದೊಡ್ಡವ್ವ ನನ್ನನ್ನು ಕೇಳಿದಳು.

ಆ ನಿರ್ದೇಶಕರ ಸಿನಿಮಾಗಳಲ್ಲೇ ಇದು ತೀರಾ ಕಳಪೆ ಎಂದು ವಿಮರ್ಶಕರೊಬ್ಬರು ಬರೆದಾಗ ನನ್ನ ಹೊಟ್ಟೆ ತಣ್ಣಗಾಯಿತು. ಪೂರ್ತಿ ಓದಬಾರದಿತ್ತು. ಇಡೀ ಚಿತ್ರದಲ್ಲಿ ನೈಜವೆನಿಸಿದ್ದು ಎತ್ತಿನ ಮುಂದೆ ಅಳುವ ಆ ಹಳ್ಳಿ ಹೆಂಗಸಿನ ದನಿಯೊಂದೇ ಅಂತೆ.