ಎರಡು ಸಲ ಕಿತ್ತ ಫ್ಯೂಸು

ಫ್ಯೂಸ್ ಕೀಳುವುದು ನನಗೆ ಹೊಸದಲ್ಲ. ಗದ್ದೆಯ ಪಂಪ್‌ಸೆಟ್ಟು ನಾನು ಸೊಸೆಯಾಗಿ ಬಂದಾಗಿನಿಂದ ನನ್ನ ಕೈಯಲ್ಲೇ ಇದೆ. ನಮ್ಮ ಹೊನ್ನೂರಿನಲ್ಲಿ ಹೋದ ಕರೆಂಟು ವಾಪಸ್ ಬಂದಾಗ ಮೊದಲ ಏಟಿಗೆ ಜೋರಾಗಿ ನುಗ್ಗುತ್ತದೆ. ಅದಕ್ಕೇ ಫ್ಯೂಸ್ ಹಾಕಿ, ಒಂದು ನಿಮಿಷ ಮೋಟಾರಿನ ಸದ್ದು ಕೇಳಿ, ಕಿತ್ತು, ಮತ್ತೆ ಹಾಕುವುದು ನಮ್ಮ ರೂಢಿ. ಸರಿಯೋ ತಪ್ಪೋ ಲೈನ್‌ಮ್ಯಾನ್ ಹೇಳಲಿ. ನನ್ನ ಮೋಟಾರಂತೂ ಸುಟ್ಟಿಲ್ಲ.

ಕೊಳ್ಳೇಗಾಲದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ಮೊಮ್ಮಗಳು ಒಂದು ಬೆಳಿಗ್ಗೆ ಹಳೇ ಕಂಪ್ಯೂಟರೊಂದನ್ನು ಆಟೋದಲ್ಲಿ ಹೇರಿಕೊಂಡು ಬಂದಳು. ಮುಖ ಊದಿಸಿಕೊಂಡಿದ್ದಳು.

"ಯಾಕಮ್ಮಿ, ಅಂಗ್ಡೀಲಿ ಜಾಗ ಸಾಲ್ದಾ?"

"ಅಲ್ಲಿ ಫ್ಯೂಸ್ ಕಿತ್ರೆ ಪಕ್ಕದ್ ಅಂಗ್ಡಿಯೋರು ನನ್ನೇ ಕಿತ್ತಾಕ್ತಾರೆ. ಇಲ್ಲಿ ನಿನ್ ರಾಜ್ಯ ಅಲ್ವಾ ಅಜ್ಜಿ?"

ವಿಷಯ ಇಷ್ಟು. ರಾಮಾಪುರದ ಒಂದು ಆಸ್ಪತ್ರೆಯಲ್ಲಿ ಯಾರಿಗೆ ಯಾವ ಇಂಜೆಕ್ಷನ್ ಕೊಟ್ಟರು ಅನ್ನುವುದೆಲ್ಲ ಕಂಪ್ಯೂಟರಿನಲ್ಲೇ ಇರುತ್ತದೆ. ಅಲ್ಲಿನ ನರ್ಸಮ್ಮ ಒಂದು ಮಗುವಿಗೆ ಇಂಜೆಕ್ಷನ್ ಕೊಟ್ಟು, ಅದನ್ನು ಕಂಪ್ಯೂಟರಿಗೆ ಹಾಕಿದ್ದಳು. ಕರೆಂಟು ಹೋಗಿ ಬಂದ ಮೇಲೆ ನೋಡಿದರೆ ಅದು ಮಾಯ. ಮಾರನೇ ದಿನ ಇನ್ನೊಬ್ಬಳು ಅದೇ ಮಗುವಿಗೆ ಮತ್ತೆ ಸೂಜಿ ಎತ್ತಿದಳಂತೆ. ತಾಯಿ ಕಿರುಚಿಕೊಂಡದ್ದಕ್ಕೆ ಉಳಿಯಿತು. ಡಾಕ್ಟರು ಬೆಂಚಿನ ಮೇಲೆ ಕೂತ ರೋಗಿಗಳೆಲ್ಲರ ಮುಂದೆ ನರ್ಸಮ್ಮನಿಗೆ ಬೈದು, ಹಾಕದೇ ಹಾಕಿದೆ ಅನ್ನುತ್ತೀಯ ಎಂದು ಅವಳನ್ನು ಕಂಪ್ಯೂಟರಿನ ಕೆಲಸದಿಂದಲೇ ತೆಗೆದಿದ್ದರು. ಆ ಕಂಪ್ಯೂಟರಿಗೆ ಸಾಫ್ಟ್‌ವೇರ್ ಹಾಕಿಕೊಟ್ಟವಳು ನಮ್ಮ ಹುಡುಗಿ. ಅವಳಿಗೆ ನರ್ಸಮ್ಮನ ಮಾತಿನ ಮೇಲೇ ನಂಬಿಕೆ.

ದಾಖಲೆಗಳನ್ನೆಲ್ಲ ಜೋಪಾನ ಮಾಡುವ ಆ ಸಾಫ್ಟ್‌ವೇರು ಯಾರೊಬ್ಬರ ಸ್ವತ್ತೂ ಅಲ್ಲವಂತೆ. ದೇಶದೇಶದವರು ಸೇರಿ ಬರೆದದ್ದು. ಯಾರು ಬೇಕಾದರೂ ಒಳಗೆ ನೋಡಬಹುದು, ತಿದ್ದಬಹುದು.

"ಎಲ್ರೂ ಕೈ ಆಕಿದ್ರೆ ಕೆಡ್ದೆ ಇದ್ದಾತಾ?" ಎಂದೆ.

"ತಿದ್ದೋರು ಎಲ್ರೂ ಕಣಜ್ಜಿ. ಆದ್ರೆ ಮೇಲ್ನೋರು ನೋಡಿ ಒಪ್ಪಿದ್ರೇ ಒಳಿಕ್ ಬುಡೋದು. ನಾನು ಇದ್ರಲ್ಲಿ ತೆಪ್ಪು ಅದೆ ಅಂತ ಅವ್ರಿಗ್ ಬರ್ದೆ. ಅವ್ರು ತಮ್ ಕಂಪ್ಯೂಟರ್ ಕರೆಂಟ್ ತೆಗ್ದು ನೋಡಿ, ನಮ್ಗೇನೂ ಓಗ್ನಿಲ್ಲ, ನೀನೇ ತೋರ್ಸು ಅಂದ್ಬುಟ್ರು."

ತೋರಿಸುವುದಕ್ಕೇ ಈ ಪಾಡು. ಅವಳು ಒಳಗೆ ಕೂತು "ಕೀಳು" ಎಂದರೆ ನಾನು ಜಗಲಿಯಲ್ಲಿ ಫ್ಯೂಸ್ ಕೀಳಬೇಕು, "ಆಕು" ಎಂದರೆ ಹಾಕಬೇಕು. ಕಿತ್ತೆ, ಹಾಕಿದೆ. ಬರೆದದ್ದೆಲ್ಲ ಇದ್ದಲ್ಲೇ ಇತ್ತು. ಮತ್ತೆ ಮತ್ತೆ ಮಾಡಿದರೂ ಅಷ್ಟೇ. ಎದುರು ಮನೆಯವಳು ಬಾಗಿಲಿಗೇ ಬಂದು ನಿಂತಳು.

"ಅಕ್ಕೋ, ಫ್ಯೂಸ್ ಜೊತೇಲಿ ಅದೇನ್ ಚೌಕಾಬಾರ ಆಡ್ತಿದ್ದೀಯಾ?"

"ನೀನೂ ಬಾ, ಒಂದ್ ಕೈ ಕಮ್ಮಿ ಅದೆ."

ಅವಳ ಜೊತೆ ಮಾತಾಡುತ್ತಾ ನನ್ನ ಗಮನ ಅತ್ತ ಹೋಯಿತು. ಒಳಗಿಂದ "ಆಕು" ಅಂತ ಕೂಗಿದ್ದಕ್ಕೆ ಹಾಕಿದೆ. ಕೈ ತನ್ನ ರೂಢಿ ಬಿಡಲಿಲ್ಲ. ಒಂದು ನಿಮಿಷ ಕಳೆದದ್ದೇ ಕಿತ್ತು ಮತ್ತೆ ಹಾಕಿತು. ಸ್ವಲ್ಪ ಹೊತ್ತಿಗೆ ಒಳಗೆ ಕಿಟಾರನೆ ಕಿರುಚಿದ್ದು ಕೇಳಿಸಿತು. ಸುಟ್ಟೇಹೋಯಿತು ಅಂದುಕೊಂಡೆ.

"ಅಜ್ಜಿ, ಏನ್ ಮಾಡ್ದೆ?"

"ಮೋಟ್ರಿಗ್ ಮಾಡ್ದಂಗ್ ಮಾಡ್ದೆ. ಏನೀಗ?"

"ಓಯ್ತು ಕಣಜ್ಜಿ, ಬರ್ದಿದ್ದು ಓಯ್ತು!" ಎಂದು ಬಂದು ನನ್ನ ಸೊಂಟ ಹಿಡಿದು ಎತ್ತಿಯೇಬಿಟ್ಟಳು. ಕಳೆದುಹೋದದ್ದಕ್ಕೆ ಕುಣಿಯುವವರನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಬಿಡಿಸಿ ಹೇಳಿದಳು. ಕರೆಂಟು ಹೋಗಿ ಬಂದಾಗ ಆ ಸಾಫ್ಟ್‌ವೇರು ಎದ್ದು, ಅರ್ಧಕ್ಕೆ ನಿಂತ ಕೆಲಸ ಯಾವುದು ಅಂತ ನೋಡಿ ಮುಗಿಸುತ್ತದೆ. ಹಾಗೆ ಮುಗಿಸುತ್ತಿರುವಾಗಲೇ ಕರೆಂಟು ಇನ್ನೊಮ್ಮೆ ಹೋದರೆ, ಮುಗಿಸಿಯಾಯಿತು ಅಂದುಕೊಂಡು ಕೈಬಿಡುತ್ತಿತ್ತು. ಆ ಮೇಲಿನವರ ದೇಶದಲ್ಲಿ ಕರೆಂಟು ಬಂದ ಮೇಲೆ ಇದ್ದುಬಿಡುತ್ತದೆ. ರಾಮಾಪುರದಲ್ಲಿ ಬಂದು, ಮುಖ ತೋರಿಸಿ, ಹೋಗುತ್ತದೆ.

ಅವಳು ತಿದ್ದಿ ಕಳಿಸಿದಳು. ಅವರು ತಪ್ಪು ಹುಡುಕಿ ಹಿಂದಕ್ಕೆ ಕಳಿಸಿದರು. ಇವಳು ಗೊಣಗುತ್ತಾ ಮತ್ತೆ ತಿದ್ದಿದಳು. ಅಷ್ಟು ದಿನವೂ ನಾನು ಫ್ಯೂಸಿನ ಹತ್ತಿರವೇ ಕೂತು ಅವರೆಕಾಯಿ ಸುಲಿದೆ. ಕೊನೆಗೆ ಒಪ್ಪಿದರು. ಮುಂದೆ ಯಾರು ಆ ಜಾಗ ಮುಟ್ಟಿದರೂ ಕರೆಂಟು ಎರಡು ಸಲ ತೆಗೆದು ಪರೀಕ್ಷೆ ಮಾಡಬೇಕು ಅಂತಲೂ ಸೇರಿಸಿಕೊಂಡರಂತೆ.

ತಿದ್ದಿದ ಹೊಸ ಸಾಫ್ಟ್‌ವೇರು ಹಾಕಲು ಹನೂರಿನ ಮೇಲೆ ಬಸ್ಸಿನಲ್ಲಿ ರಾಮಾಪುರಕ್ಕೆ ಹೋದೆವು. ಡಾಕ್ಟರು ನಿಂತು ನೋಡಿದರು. ಮೊಮ್ಮಗಳು ಮೊದಲು ಹಳೇ ಸಾಫ್ಟ್‌ವೇರಿನಲ್ಲಿ ತೋರಿಸಿದಳು. ನಾನು ಫ್ಯೂಸ್ ಕಿತ್ತೆ, ಹಾಕಿದೆ, ಕಿತ್ತೆ, ಹಾಕಿದೆ. ಬರೆದದ್ದು ಮಾಯ. ಹೊಸದರಲ್ಲೂ ಹಾಗೇ ಮಾಡಿದೆ. ಅಲ್ಲಾಡಲಿಲ್ಲ.

ಡಾಕ್ಟರು ನರ್ಸಮ್ಮನ ಕಡೆ ತಿರುಗಿ, "ತಪ್ಪು ನಿಮ್ಮದಲ್ಲ ಬಿಡಿ. ನಾಳೆಯಿಂದ ನೀವೇ ಕೂತ್ಕೊಳ್ಳಿ" ಎಂದರು.

ಅವಳು ಕದಲಲಿಲ್ಲ. "ಬೈದಿದ್ದು ಒರಗ್ಡೆ ಬೆಂಚ್ ಮುಂದೆ ಸಾ. ಇದ್ನೂ ಅಲ್ಲೇ ಯೋಳಿ."

ಭೇಷ್ ಅನ್ನಿಸಿತು ನನಗೆ. ಡಾಕ್ಟರು ಕೆಮ್ಮಿ, ಹೊರಗೆ ಹೋಗಿ, ಬೆಂಚಿನವರಿಗೆಲ್ಲ ಕೇಳುವ ಹಾಗೆ ಹೇಳಿದರು. ಮಾತು ಇನ್ನೂ ಮುಗಿದಿರಲಿಲ್ಲ, ಅವರ ತಲೆಯ ಮೇಲಿನ ಫ್ಯಾನು ನಿಂತು, ತಿರುಗಿ, ಮತ್ತೆ ನಿಂತಿತು.

"ಅಜ್ಜಿ, ಸಾಕು ಬುಡು!" ಎಂದು ಮೊಮ್ಮಗಳು ನನ್ನ ಕೈಯಿಂದ ಫ್ಯೂಸ್ ಕಿತ್ತುಕೊಂಡಳು.