ಅಂಬವ್ವ ಕಲಿತ ಫ್ರೆಂಚ್ ಭೂತಕಾಲ

ಬೆಳಗಿನ ಆರು ಗಂಟೆ. ವಿಲೆ ಪಾರ್ಲೆಯ ಹಳೆಯ ಬಿಲ್ಡಿಂಗೊಂದರಲ್ಲಿ ಅಂಬವ್ವ, ಹಾಸಿಗೆ ಹಿಡಿದಿರುವ ವಿನೋದಿನಿ ಟೀಚರ ಮುಖ ಒರೆಸುತ್ತಾ ಮಾತ್ರೆ ತಗೊಂಡಿರಾ ಎಂದು ಕೇಳುತ್ತಾರೆ. ಕೇಳುವುದು ಫ್ರೆಂಚಿನಲ್ಲಿ.

"ಜ ಪ್ರಾಂ" ಎನ್ನುತ್ತಾರೆ ಟೀಚರ್. ತಗೊಳ್ಳುತ್ತೇನೆ ಎಂದರ್ಥ. ತಗೊಂಡೆ ಎನ್ನಲು 'ಜೆ ಪ್ರೀ' ಅನ್ನಬೇಕು. ಅಂಬವ್ವ ತಿದ್ದಿ ಹೇಳಿ ಕಾಯುತ್ತಾರೆ. ಮತ್ತೆ ಅದೇ: "ಜ ಪ್ರಾಂ."

ಇಂಡಿ ತಾಲ್ಲೂಕಿನ ಅಂಬವ್ವ ಓದಿದ್ದು ಏಳನೇ ತರಗತಿ. ರೋಗಿಗಳ ಆರೈಕೆಗೆ ನಿಂತು ಹದಿಮೂರು ವರ್ಷ. ಭಾಂಡುಪ್‌ನಲ್ಲಿ ನಸುಕಿನ ಲೋಕಲ್ ಹತ್ತಿ, ದಾದರ್‌ನಲ್ಲಿ ಬದಲಿಸಿ ಬರುತ್ತಾರೆ. ಉಡುಪಿ ಮೂಲದ ವಿನೋದಿನಿ ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಹೊಸಬರಿಗೆ ಫ್ರೆಂಚ್ ಕಲಿಸಿದವರು. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಬಡಿದಾಗ ತುಳು, ಕನ್ನಡ, ಹಿಂದಿ ಎಲ್ಲ ಹೋಗಿ ಫ್ರೆಂಚ್ ಮಾತ್ರ ಉಳಿಯಿತು.

ಅಂಬವ್ವ ಇಲ್ಲಿ ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಅನಾಹುತವಾಯಿತು. ಟೀಚರ ಅಣ್ಣನ ಮಗಳು ಯಕ್ಷಿತಾ ಅಂದು ಬಿಪಿ ಮಾತ್ರೆ ನುಂಗಿಸಿ, ಹೇಳಲು ಮರೆತು ಆಫೀಸಿಗೆ ಹೊರಟಿದ್ದರು. ಅಂಬವ್ವ ಇನ್ನೊಂದು ಹಿಡಿದರು.

"ಜೆ ಪ್ರೀ, ಜೆ ಪ್ರೀ ಅಂದ್ರು. ಬ್ಯಾಡಂತಾರ ಅಂತ ತಿಳಿದು ನುಂಗಿಸಿಬಿಟ್ಟೆ. ತಾಸಿನ್ಯಾಗ ಕಣ್ಣ ತೇಲಿಸಿದ್ರು. ತಗೊಂಡೀನಿ ಅಂತ ಹೇಳಾಕತ್ತಿದ್ರು, ನಂಗ ತಿಳೀಲಿಲ್ಲ."

ಮೂರು ದಿನ ಆಸ್ಪತ್ರೆಯಲ್ಲಿದ್ದು ಟೀಚರ್ ಉಳಿದರು. ಯಕ್ಷಿತಾ ಅತ್ತೆಯ ಹಳೆಯ ಪಾಠಗಳ ರೆಕಾರ್ಡಿಂಗ್ ಕೊಟ್ಟು ಅರ್ಥ ಹೇಳಿದರು. ಅಂಬವ್ವ ಲೋಕಲ್‌ನ ನೂಕುನುಗ್ಗಲಲ್ಲಿ ಕೇಳಿ ಕಲಿತರು, ದಿನಕ್ಕೆ ನಾಲ್ಕು ವಾಕ್ಯ.

"ಬರಿಯೂದು ಒಂದು, ಅನ್ನೂದು ಒಂದ್ರಿ. ಕಡೀ ಅಕ್ಷರ ನುಂಗಬೇಕು. 'ಜ' ಅಂದ್ರ ಈಗಿಂದು, 'ಜೆ' ಅಂದ್ರ ಆಗಿಹೋದದ್ದು. ಹೋಗೂದು, ಬರೂದು, ಹುಟ್ಟೂದು, ಸಾಯೂದು, ಇವಕ್ಕ ಮತ್ತ ಬ್ಯಾರೇನ ಅದ. 'ಜ ಸ್ವಿ' ಹಚ್ಚಬೇಕು."

ಅವರ ಉಚ್ಚಾರಕ್ಕೆ ಟೀಚರ್ ಒಮ್ಮೆ ನಕ್ಕಿದ್ದೂ ಉಂಟು. ದೀಪಾವಳಿಯ ನಂತರ ಆ ನಗು ನಿಂತಿದೆ. ಟೀಚರ ಮಾತಿನಿಂದ ಭೂತಕಾಲವೂ ಹೋಗಿದೆ. ಡಾಕ್ಟರು ಇನ್ನು ಮರಳದು ಎಂದಿದ್ದಾರೆ.

"ನಾ ಕಲಿತೆ, ಅವರು ಮರತ್ರು" ಎನ್ನುತ್ತಾರೆ ಅಂಬವ್ವ.

ಸೋಮವಾರ ಟೀಚರನ್ನು ಕುರ್ಲಾದ ಆಚೆ ಒಂದು ಆರೈಕೆ ಕೇಂದ್ರಕ್ಕೆ ಸೇರಿಸುತ್ತಾರೆ. "ನಂದು ಟ್ರಾನ್ಸ್‌ಫರ್ ಆಯ್ತು. ಮೈ ಕ್ಯಾ ಕರೂಂ, ಹೇಳಿ?" ಎನ್ನುವ ಯಕ್ಷಿತಾ ಕಣ್ಣೊರೆಸಿಕೊಳ್ಳುತ್ತಾರೆ. ಕೇಂದ್ರದವರಿಗೆ ನಾಲ್ಕು ಫ್ರೆಂಚ್ ಮಾತು ಕಲಿಸಲು ಅಂಬವ್ವ ಹೋಗಿದ್ದರು. "ಇಶಾರೆ ಸೆ ಚಲೇಗಾ", ಸನ್ನೆಯಲ್ಲೇ ನಡೆಯುತ್ತದೆ ಎಂದು ಅವರು ವಾಪಸ್ ಕಳಿಸಿದರು.

ಮುಂದೇನು ಎಂದರೆ ಅಂಬವ್ವ ತಮ್ಮ ಕೆಲಸದ ಮಾತೆತ್ತುವುದಿಲ್ಲ.

"ಅಲ್ಲೆ ಎಲ್ಲಾರಿಗೂ ಆಜೀ ಅಂತಾರ್ರಿ. ಇವರಿಗೆ ಒಬ್ಬರರ ಟೀಚರ್ ಅನ್ಲಿ. ಆ ಹೆಸರಿಗೆ ಇನ್ನೂ ತಿರುಗಿ ನೋಡ್ತಾರ."